ಎಳೆಯರ ವಿಜ್ಞಾನ ಮತ್ತು ಮನೆಪಾಠ



ವಿಜ್ಞಾನದ ಹೆಸರಿನಲ್ಲಿ ದತ್ತಿ ಉಪನ್ಯಾಸ ಎಂದಾಗ ಬಾಹ್ಯಾಕಾಶ, ಜೀನು, ಕೃತಕ ಬುದ್ಧಿಮತ್ತೆ ಮುಂತಾದ ದೊಡ್ಡ ವಿಷಯಗಳನ್ನು ಕೇಳುಗರು ನಿರೀಕ್ಷಿಸುವುದು ಸಹಜ. ನಾನು ಆಯ್ದುಕೊಂಡಿರುವುದು ನೋಡಲು ಸಣ್ಣ ವಿಷಯ. ಒಂದರಿಂದ ಐದನೆಯ ತರಗತಿಯವರೆಗಿನ ಮಗುವಿನ ಜೊತೆ ಶಾಲೆಯ ಹೊರಗೆ, ಸಂಜೆಯ ಹೊತ್ತು, ಯಾರಾದರೊಬ್ಬರು ಕೂತು ವಿಜ್ಞಾನ ಕಲಿಸುವುದು ಹೇಗೆ ಎಂಬುದು. ನಾವು ಇದನ್ನು ಮನೆಪಾಠ ಎನ್ನುತ್ತೇವೆ. ಊರಲ್ಲೂ ಪೇಟೆಯಲ್ಲೂ ಈಗ ಹೆಚ್ಚಾಗಿ ಟ್ಯೂಷನ್ ಎನ್ನುತ್ತಾರೆ. ಕಲಿಸುವವರು ತಿಂಗಳಿಗೆ ಇಷ್ಟೆಂದು ಹಣ ಪಡೆಯುವವರಿರಬಹುದು, ಡಿಗ್ರಿ ಓದುತ್ತಿರುವ ಪಕ್ಕದ ಮನೆಯ ಅಕ್ಕ ಇರಬಹುದು, ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಬರುವ ಸ್ವಯಂಸೇವಕರಿರಬಹುದು, ಅಪ್ಪ ಅಮ್ಮನೇ ಇರಬಹುದು. ಇವರೆಲ್ಲರನ್ನೂ ಈ ಉಪನ್ಯಾಸದಲ್ಲಿ ಮನೆಪಾಠದವರು ಎಂದೇ ಕರೆಯುತ್ತೇನೆ. ಪ್ರೌಢಶಾಲೆಯ ಟ್ಯೂಷನ್, ನೀಟ್, ಸಿಇಟಿ ಕೋಚಿಂಗ್ ಇವೆಲ್ಲ ಬೇರೆಯೇ ಲೋಕ. ಅವುಗಳ ಗೊಡವೆಗೆ ಇಂದು ಹೋಗುವುದಿಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಪಾಠಕ್ಕೆ ತರಗತಿಗಿಂತ ಹೆಚ್ಚಿನದಾಗಿ ಇರುವ ಬಲ ಒಂದೇ. ಒಂದು ಮಗು ತನ್ನ ಯೋಚನೆಯನ್ನು ಕೊನೆಯವರೆಗೆ ಹೇಳಿ ಮುಗಿಸುವಷ್ಟು ಸಮಯ ಅಲ್ಲಿದೆ. ಎಳೆಯರ ವಿಜ್ಞಾನಕ್ಕೆ ಆ ಸಮಯ ಬೇರೆ ಯಾವ ವಿಷಯಕ್ಕಿಂತಲೂ ಹೆಚ್ಚು ಅಗತ್ಯ. ಆದರೆ ನಮ್ಮಲ್ಲಿ ನಡೆಯುತ್ತಿರುವ ಮನೆಪಾಠ ತನ್ನ ಆ ಒಂದೇ ಬಲವನ್ನು ಬಿಟ್ಟುಕೊಟ್ಟು, ಶಾಲೆಯಲ್ಲಿ ಬೆಳಿಗ್ಗೆ ಆದ ಪ್ರಶ್ನೋತ್ತರವನ್ನು ಸಂಜೆ ಇನ್ನೊಮ್ಮೆ ಉರು ಹೊಡೆಸುವ ಕೆಲಸ ಹಿಡಿದಿದೆ. ಇದನ್ನು ಸಮರ್ಥಿಸಲು ಮೊದಲು ಮಕ್ಕಳ ತಲೆಯೊಳಗೆ ವಿಜ್ಞಾನ ಹೇಗಿರುತ್ತದೆ ಎಂಬುದನ್ನೂ, ಬಳಿಕ ಮನೆಪಾಠದ ಬಗ್ಗೆ ಸಂಶೋಧನೆಗಳು ಕಂಡುಕೊಂಡಿರುವುದನ್ನೂ, ಆಮೇಲೆ ಒಂದು ಪಾಠವನ್ನು ಸ್ವಲ್ಪ ವಿವರವಾಗಿಯೂ ನೋಡೋಣ. ಕೊನೆಗೆ ಆಕ್ಷೇಪಗಳಿಗೆ ಬರುತ್ತೇನೆ. ಅವುಗಳಲ್ಲಿ ಒಂದೆರಡು ನಿಜಕ್ಕೂ ಗಟ್ಟಿಯಾದವು.

ಮೊದಲನೆಯ ವಿಚಾರಕ್ಕೆ ಬರೋಣ. ಮಗ್ಗಿ ಗೊತ್ತಿಲ್ಲದ ಮಗುವಿಗೆ ಏಳೆಂಟಲ ಎಷ್ಟು ಎಂಬ ಬಗ್ಗೆ ತನ್ನದೇ ಆದ ಸಿದ್ಧಾಂತವೇನೂ ಇರುವುದಿಲ್ಲ, ಗೊತ್ತಿಲ್ಲ, ಅಷ್ಟೆ. ವಿಜ್ಞಾನದಲ್ಲಿ ಹಾಗಲ್ಲ. ಒದ್ದೆ ಬಟ್ಟೆ ಒಣಗುವುದನ್ನು, ಚೆಂಡು ಕೆಳಗೆ ಬೀಳುವುದನ್ನು, ಚಂದ್ರ ಜೊತೆಜೊತೆಗೇ ಬರುವುದನ್ನು ಮಗು ಶಾಲೆಗೆ ಸೇರುವ ಮೊದಲೇ ನೂರಾರು ಸಲ ನೋಡಿರುತ್ತದೆ, ಅದಕ್ಕೆ ಕಾರಣವನ್ನೂ ಊಹಿಸಿಕೊಂಡಿರುತ್ತದೆ. ಶಾಲೆಯ ಪಾಠ ಬೀಳುವುದು ಖಾಲಿ ನೆಲದ ಮೇಲಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಸ್ಟೆಲ್ಲಾ ವೊಸ್ನಿಯಾಡು ಮತ್ತು ವಿಲಿಯಂ ಬ್ರೂವರ್ ಒಂದು, ಮೂರು ಮತ್ತು ಐದನೆಯ ತರಗತಿಯ 60 ಮಕ್ಕಳನ್ನು ಭೂಮಿಯ ಆಕಾರದ ಬಗ್ಗೆ ಒಬ್ಬೊಬ್ಬರನ್ನಾಗಿ ಮಾತನಾಡಿಸಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಭೂಮಿ ಗುಂಡಗಿದೆ ಎಂದು ಹೇಳಬಲ್ಲ ಮಕ್ಕಳು ಅನೇಕರಿದ್ದರು. ಇನ್ನೆರಡು ಪ್ರಶ್ನೆ ಕೇಳಿದಾಗ ಒಬ್ಬರ ಭೂಮಿ ತಟ್ಟೆಯಂತೆ ಗುಂಡಗಿತ್ತು. ಇನ್ನೊಬ್ಬರದು ಟೊಳ್ಳು ಚೆಂಡು, ಅದರೊಳಗಿನ ಸಮತಟ್ಟಾದ ನೆಲದ ಮೇಲೆ ನಾವೆಲ್ಲ ಇದ್ದೇವೆ. ಮತ್ತೊಬ್ಬರಿಗೆ ಎರಡು ಭೂಮಿಗಳಿದ್ದವು, ನಾವು ನಿಂತಿರುವುದೊಂದು, ಪುಸ್ತಕದಲ್ಲಿರುವುದು ಇನ್ನೊಂದು. ನಾಲ್ಕು ವರ್ಷಗಳ ಬಳಿಕ ಅಲಾ ಸಮರಪುಂಗವನ್ ಅವರೊಂದಿಗೆ ಸೇರಿ ಇವರು ಹೈದರಾಬಾದಿನ ಮಕ್ಕಳ ಮೇಲೆ ನಡೆಸಿದ ಇದೇ ಬಗೆಯ ಅಧ್ಯಯನ ಪ್ರಕಟವಾಯಿತು. ಅಲ್ಲಿನ ಹಲವು ಮಕ್ಕಳ ಚಿತ್ರದಲ್ಲಿ ಭೂಮಿ ನೀರಿನ ಮೇಲೆ ನಿಂತಿತ್ತು. ಮನೆಯಲ್ಲಿ ಕೇಳಿದ ಸೃಷ್ಟಿಯ ಕತೆ, ಶಾಲೆಯ ಪಾಠ, ಕಣ್ಣಿಗೆ ಕಾಣುವ ಬಯಲು ಮೂರನ್ನೂ ಹೊಂದಿಸಿ ಮಕ್ಕಳು ಕಟ್ಟಿಕೊಂಡ ಲೋಕ ಅದು. ಗಮನಿಸಬೇಕಾದದ್ದೇನೆಂದರೆ, ಪರೀಕ್ಷೆಯಲ್ಲಿ ಈ ಎಲ್ಲ ಮಕ್ಕಳಿಗೂ ಅಂಕ ಸಿಗುತ್ತಿತ್ತು. ಬಿಟ್ಟ ಸ್ಥಳ ತುಂಬಿರಿ ಎಂದರೆ ಸರಿಯಾದ ಪದವನ್ನೇ ಬರೆಯುತ್ತಿದ್ದರು.

ಮಕ್ಕಳ ಇಂಥ ಊಹೆಗಳನ್ನು ಅಜ್ಞಾನವೆಂದು ತಳ್ಳಿಹಾಕುವವರು ವಿಜ್ಞಾನದ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು. ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎನ್ನುವ ಮೂರನೆಯ ತರಗತಿಯ ಮಗು, ಯುರೋಪಿನ ಪಂಡಿತರು ಶತಮಾನಗಟ್ಟಲೆ ನಂಬಿದ್ದನ್ನೇ ಹೇಳುತ್ತಿದೆ. ವಾನ್ ಹೆಲ್ಮಂಟ್ ಎಂಬಾತ ಒಂದು ವಿಲ್ಲೋ ಗಿಡವನ್ನು ತೂಕ ಮಾಡಿದ ಮಣ್ಣಿನಲ್ಲಿ ನೆಟ್ಟು ಐದು ವರ್ಷ ಬರಿಯ ನೀರು ಹಾಕಿದ. ಗಿಡದ ತೂಕ 164 ಪೌಂಡು ಹೆಚ್ಚಿತು, ಮಣ್ಣು ಕಡಿಮೆಯಾದದ್ದು ಎರಡು ಔನ್ಸಿನಷ್ಟು. ಇದರಿಂದ ಆತ ತೆಗೆದ ತೀರ್ಮಾನವೂ ಪೂರ್ತಿ ಸರಿಯಿರಲಿಲ್ಲ. ಮರವೆಲ್ಲ ನೀರಿನಿಂದಲೇ ಆಯಿತು ಎಂದುಕೊಂಡ. 1648ರಲ್ಲಿ ಅಚ್ಚಾದ ಈ ವಿವರವನ್ನು ಹೇಳಿದ್ದು ಮಕ್ಕಳ ತಪ್ಪು ಊಹೆಗೂ ಒಂದು ತರ್ಕ ಇರುತ್ತದೆ ಎನ್ನುವುದಕ್ಕೆ. ತರ್ಕವಿರುವ ತಪ್ಪನ್ನು ಸರಿಯುತ್ತರ ಹೇಳಿ ಅಳಿಸಲಾಗುವುದಿಲ್ಲ. ಅದು ಹೊರಗೆ ಬಂದು, ಸವಾಲಿಗೆ ಸಿಕ್ಕಿ, ತನ್ನಷ್ಟಕ್ಕೆ ಸಾಲದು ಎಂದು ಮಗುವಿಗೇ ಅನಿಸಬೇಕು. ಮೂವತ್ತು ನಲವತ್ತು ಮಕ್ಕಳಿರುವ ಕೋಣೆಯಲ್ಲಿ, ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಇದು ಎಷ್ಟು ಮಕ್ಕಳಿಗೆ ಸಾಧ್ಯ? ಶಿಕ್ಷಕರ ತಪ್ಪಲ್ಲ, ಲೆಕ್ಕ ಹಾಗಿದೆ.

ಇಲ್ಲಿಂದ ಎರಡನೆಯ ವಿಚಾರಕ್ಕೆ, ಅಂದರೆ ಮನೆಪಾಠದ ಬಗ್ಗೆ ನಮಗಿರುವ ತಿಳಿವಳಿಕೆಗೆ ಬರುತ್ತೇನೆ. ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಒಂದು ಲೇಖನವನ್ನು ಟ್ಯೂಷನ್ ಕಂಪನಿಗಳು ಇಂದಿಗೂ ಜಾಹೀರಾತಿನಂತೆ ಬಳಸುತ್ತವೆ: ಒಬ್ಬರಿಗೊಬ್ಬರು ಕೂತು ಪಾಠ ಹೇಳಿಸಿಕೊಂಡ ಸಾಧಾರಣ ವಿದ್ಯಾರ್ಥಿ, ತರಗತಿಯಲ್ಲಿ ಕಲಿತ ನೂರರಲ್ಲಿ 98 ಮಂದಿಯನ್ನು ಮೀರಿಸಿದ ಎಂದು. ಅಷ್ಟು ದೊಡ್ಡ ಲಾಭ ಮುಂದೆ ಉಳಿಯಲಿಲ್ಲ. ಕರ್ಟ್ ವ್ಯಾನ್‌ಲೆನ್ 2011ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬ್ಲೂಮ್ ಹೇಳಿದ ಲಾಭದ ಅರ್ಧಕ್ಕಿಂತ ಕಡಿಮೆ ಕಂಡುಬಂತು. ಅದೂ ಸಣ್ಣ ಲಾಭವಲ್ಲ. ಆದರೆ ನಮಗೆ ಮುಖ್ಯವಾದ ಪ್ರಶ್ನೆ ಲಾಭ ಎಷ್ಟು ಎನ್ನುವುದಕ್ಕಿಂತ ಅದು ಎಲ್ಲಿಂದ ಬರುತ್ತದೆ ಎನ್ನುವುದು. ಪಾಠ ಎರಡು ಸಲ ಆದದ್ದರಿಂದಲೇ? ಹೇಳಿಕೊಡುವವರು ಚೆನ್ನಾಗಿ ವಿವರಿಸಿದ್ದರಿಂದಲೇ?

ಆರ್ಥರ್ ಗ್ರೇಸರ್ ಮತ್ತು ನಟಾಲಿ ಪರ್ಸನ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಅಂಕಿ ಇದೆ. ಮನೆಪಾಠದಂಥ ಸನ್ನಿವೇಶದಲ್ಲಿ ವಿದ್ಯಾರ್ಥಿ ಕೇಳುವ ಪ್ರಶ್ನೆಗಳು ತರಗತಿಯಲ್ಲಿ ಕೇಳುವುದಕ್ಕಿಂತ ಸುಮಾರು 240 ಪಟ್ಟು ಹೆಚ್ಚು. ಬಾಯಿ ತೆರೆಯುವ ಅವಕಾಶವೇ ಮೊದಲ ವ್ಯತ್ಯಾಸ ಎಂದಾಯಿತು. ಮಿಶೆಲೀನ್ ಚಿ ಮತ್ತು ಸಂಗಡಿಗರ 2001ರ ಪ್ರಯೋಗ ಇನ್ನೂ ಕುತೂಹಲದ್ದು. ಎಂಟನೆಯ ತರಗತಿಯ ಮಕ್ಕಳಿಗೆ ರಕ್ತಪರಿಚಲನೆಯನ್ನು ಕಲಿಸಲು ಕಾಲೇಜು ವಿದ್ಯಾರ್ಥಿಗಳನ್ನು ಹಚ್ಚಿದರು. ಮೊದಲ ಸುತ್ತಿನಲ್ಲಿ ಅವರು ತಮಗೆ ತೋಚಿದಂತೆ ಕಲಿಸಿದರು. ಅಂದರೆ ಬಹುಪಾಲು ತಾವೇ ವಿವರಿಸಿದರು. ಎರಡನೆಯ ಸುತ್ತಿನಲ್ಲಿ ವಿವರಣೆ ಕೊಡಬೇಡಿ, ಸರಿ ತಪ್ಪು ಹೇಳಬೇಡಿ, ಮಗುವಿನಿಂದ ಮಾತು ಹೊರಡಿಸುವ ಪ್ರಶ್ನೆಗಳನ್ನಷ್ಟೆ ಕೇಳಿ ಎಂದರು. ಎರಡೂ ಸುತ್ತಿನ ಮಕ್ಕಳು ಒಂದೇ ಮಟ್ಟಕ್ಕೆ ಕಲಿತರು. ಮಕ್ಕಳು ನಮ್ಮ ಚರ್ಚೆಯ ವಯಸ್ಸಿಗಿಂತ ದೊಡ್ಡವರು ಎನ್ನುವುದು ನಿಜ. ಆದರೂ ಮನೆಪಾಠದವರ ವಿವರಣೆಯನ್ನು ಪೂರ್ತಿ ತೆಗೆದುಹಾಕಿದಾಗಲೂ ಲಾಭ ಉಳಿದಿದ್ದರೆ, ಆ ಲಾಭದ ಮೂಲ ವಿವರಣೆಯಲ್ಲಿ ಇರಲಾರದು.

ಇದಕ್ಕೆ ಪ್ರಾಥಮಿಕ ತರಗತಿಗಳಿಂದಲೇ ಸಿಗುವ ಸಾಕ್ಷ್ಯ ಮೇರಿ ಬಡ್ ರೋ ಅವರದು. ಅಮೆರಿಕದ ಪ್ರಾಥಮಿಕ ಶಾಲೆಗಳ ವಿಜ್ಞಾನ ಪಾಠಗಳನ್ನು ಧ್ವನಿಮುದ್ರಿಸಿಕೊಂಡು ಆಕೆ ಅಳೆದದ್ದು ಒಂದೇ ಸಂಗತಿಯನ್ನು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಸರಾಸರಿ ಒಂದು ಸೆಕೆಂಡು. ಅಷ್ಟರೊಳಗೆ ಉತ್ತರ ಬರದಿದ್ದರೆ ಬೇರೆ ಮಗುವಿಗೆ ಪ್ರಶ್ನೆ ಹೋಗುತ್ತಿತ್ತು, ಅಥವಾ ಶಿಕ್ಷಕರೇ ಉತ್ತರ ಹೇಳಿಬಿಡುತ್ತಿದ್ದರು. ದಡ್ಡರೆಂದು ಎಣಿಸಿದ ಮಕ್ಕಳಿಗೆ ಸಿಗುತ್ತಿದ್ದ ಹೊತ್ತು ಇನ್ನೂ ಕಡಿಮೆ. ಇದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು, ಬಾಯಿ ಬಿಡದವರೂ ಮಾತಾಡಿದರು. ಬರಿಯ ಎರಡು ಸೆಕೆಂಡಿನ ಮಾತು ಇದು. ನಮ್ಮ ಮನೆಪಾಠಗಳಲ್ಲಿ ಎಷ್ಟು ಕಡೆ ಆ ಎರಡು ಸೆಕೆಂಡು ಸಿಗುತ್ತಿದೆ ಎಂದು ಯಾರಾದರೂ ಅಳೆದರೆ ಒಳ್ಳೆಯ ಎಂ.ಎಡ್. ಪ್ರಬಂಧವಾದೀತು.

ಒಬ್ಬರಿಗೊಬ್ಬರು ಎನ್ನುವುದನ್ನೂ ನಾವು ಅಕ್ಷರಶಃ ಹಿಡಿಯಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಟೀನ್ ಹೌ ಮತ್ತು ಸಂಗಡಿಗರು ಎಂಟರಿಂದ ಹನ್ನೆರಡು ವರ್ಷದ ಮಕ್ಕಳನ್ನು ಚಿಕ್ಕ ಗುಂಪುಗಳಲ್ಲಿ ಕೂರಿಸಿ, ಇಳಿಜಾರಿನಲ್ಲಿ ವಸ್ತುಗಳು ಉರುಳುವುದರ ಬಗ್ಗೆ ಚರ್ಚಿಸಲು ಬಿಟ್ಟರು. ಒಂದೇ ಅಭಿಪ್ರಾಯದವರಿದ್ದ ಗುಂಪಿಗಿಂತ ಭಿನ್ನಾಭಿಪ್ರಾಯದ ಗುಂಪಿನ ಮಕ್ಕಳು ಹೆಚ್ಚು ಮುಂದುವರಿದರು. ಆ ಪ್ರಗತಿ ಕೆಲವು ವಾರಗಳ ನಂತರದ ಪರೀಕ್ಷೆಯಲ್ಲಿ ಸ್ಪಷ್ಟವಾಯಿತು. ಲೆಕ್ಕಕ್ಕೋ ಓದುವುದಕ್ಕೋ ಒಂದೇ ಮಗುವನ್ನು ಕೂರಿಸಿಕೊಳ್ಳುವುದು ಒಳ್ಳೆಯದಿರಬಹುದು. ವಿಜ್ಞಾನಕ್ಕೆ ಮೂರು ನಾಲ್ಕು ಮಕ್ಕಳು ಬೇಕು ಎನ್ನುವುದು ನನ್ನ ಅಭಿಪ್ರಾಯ. ಹತ್ತಾದರೆ ಅದು ಮತ್ತೆ ತರಗತಿಯೇ.

ಈಗ ಮೂರನೆಯ ಭಾಗ. ಇಷ್ಟು ಹೊತ್ತು ಹೇಳಿದ್ದು ಒಂದು ಪಾಠದಲ್ಲಿ ಹೇಗೆ ಕಾಣಿಸೀತು ಎಂಬುದನ್ನು ನೋಡೋಣ. ತಣ್ಣೀರು ತುಂಬಿದ ಸ್ಟೀಲು ಲೋಟದ ಹೊರಮೈ ಮೇಲೆ ಹನಿ ಕಟ್ಟುವುದನ್ನು ತೆಗೆದುಕೊಳ್ಳುತ್ತೇನೆ. ನ್ಯೂಜಿಲೆಂಡಿನಲ್ಲಿ ಆಸ್ಬೋರ್ನ್ ಮತ್ತು ಕಾಸ್ಗ್ರೋವ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟರಿಂದ ಹದಿನೇಳು ವರ್ಷದವರನ್ನು ಇದರ ಬಗ್ಗೆ ಕೇಳಿದ್ದರು. ಒಳಗಿನ ನೀರೇ ಹೊರಗೆ ಬಂತು ಎಂದವರೂ ಇದ್ದರು, ತಣ್ಣಗಿರುವುದೇ ಹೊರಗೆ ಬಂದು ನೀರಾಯಿತು ಎಂದವರೂ ಇದ್ದರು. ಮನೆಪಾಠದವರು ಈಗ ಮಾಡುವುದೇನು? ಗಾಳಿಯಲ್ಲಿರುವ ನೀರಾವಿ ತಣ್ಣಗಾಗಿ ದ್ರವವಾಗುವುದಕ್ಕೆ ಸಾಂದ್ರೀಕರಣ ಎನ್ನುತ್ತಾರೆ ಎಂಬ ವಾಕ್ಯವನ್ನು ಮೂರು ಸಲ ಬರೆಸುತ್ತಾರೆ. ಮಗು ಬರೆಯುತ್ತದೆ, ನೀರು ಒಳಗಿಂದ ಬಂತು ಎಂಬ ನಂಬಿಕೆಯೂ ಹಾಗೆಯೇ ಇರುತ್ತದೆ. ಬರೆಸುವುದನ್ನು ಮುಂದೂಡಿ, ಈ ನೀರು ಎಲ್ಲಿಂದ ಬಂತು ಎಂದು ಕೇಳಿ ಸುಮ್ಮನಾದರೆ ಒಳಗಿಂದ ಒಸರಿತು ಎನ್ನುವ ಉತ್ತರ ಬರುವ ಸಾಧ್ಯತೆ ಬಹಳ. ನಮ್ಮ ಮಕ್ಕಳ ಮಟ್ಟಿಗೆ ಅದಕ್ಕೆ ಒಳ್ಳೆಯ ಆಧಾರವೂ ಇದೆ. ಮಣ್ಣಿನ ಮಡಕೆಯಲ್ಲಿ, ಹೂಜಿಯಲ್ಲಿ ನೀರು ನಿಜವಾಗಿಯೂ ಒಳಗಿನಿಂದಲೇ ಒಸರುತ್ತದೆ! ಬೇಸಿಗೆಯಲ್ಲಿ ಮಡಕೆಯ ಹೊರಮೈ ಒದ್ದೆಯಾಗಿರುವುದನ್ನು ಮುಟ್ಟಿ ನೋಡಿದ ಮಗು ಅದೇ ಅನುಭವವನ್ನು ಸ್ಟೀಲಿಗೂ ಹಚ್ಚಿದರೆ ಅದನ್ನು ದಡ್ಡತನ ಎನ್ನಲಾದೀತೆ? ತಪ್ಪು ಎಂದೊಂದು ಮಾತು ಹೇಳಿ ಮುಂದೆ ಹೋಗುವವರು ಮಗುವಿನ ನಿಜವಾದ ಅನುಭವವನ್ನೂ ಸೇರಿಸಿ ತಳ್ಳಿಹಾಕುತ್ತಾರೆ.

ಹಾಗಾದರೆ ಮಾಡಬೇಕಾದದ್ದು ಮಗುವಿನ ಮಾತನ್ನು ಗಂಭೀರವಾಗಿ ತೆಗೆದುಕೊಂಡು, ಅದು ನಿಜವಾದರೆ ಏನಾಗಬೇಕು ಎಂದು ಅದನ್ನೇ ಕೇಳುವುದು. ಒಳಗಿನ ನೀರೇ ಬರುವುದಾದರೆ ಬಣ್ಣದ ನೀರು ಹಾಕಿದಾಗ ಹನಿ ಯಾವ ಬಣ್ಣದ್ದಾಗಬೇಕು? ಬೀಟ್‌ರೂಟ್ ಕುದಿಸಿದ ನೀರನ್ನು ತಣ್ಣಗೆ ಮಾಡಿ ಸುರಿದರೆ ಹನಿಗಳು ಬಣ್ಣವಿಲ್ಲದೆ ಬರುತ್ತವೆ. ಇಲ್ಲಿಗೆ ಮಗು ಸೋತಿತು ಎಂದು ತಿಳಿದರೆ ನಾವು ಮಕ್ಕಳನ್ನು ಅರಿಯೆವು. ಬಣ್ಣ ಒಳಗೇ ಉಳಿಯಿತು, ನೀರು ಮಾತ್ರ ಸೋಸಿ ಬಂತು ಎನ್ನಬಹುದು. ಇದು ಉತ್ತಮವಾದ ಉತ್ತರ. ಸೋಸುವುದನ್ನು ಕಂಡ ಮಗುವೇ ಹೀಗೆ ಹೇಳಬಲ್ಲುದು. ಆಗ ನೀರನ್ನೇ ಹಾಕದ ಖಾಲಿ ಲೋಟವನ್ನು ಫ್ರಿಜ್ಜಿನಲ್ಲಿಟ್ಟು ತೆಗೆದು, ಚೆನ್ನಾಗಿ ಒರೆಸಿ, ಮೇಜಿನ ಮೇಲಿಡಬೇಕು. ಒಸರಲು ಒಳಗೆ ನೀರೇ ಇಲ್ಲ; ಆದರೂ ಮೈಯೆಲ್ಲ ಮಂಜು ಕವಿಯುತ್ತದೆ. ಮಡಕೆಯನ್ನೂ ಪಕ್ಕಕ್ಕೆ ತಂದಿಟ್ಟು ನೋಡಬೇಕು: ಮಡಕೆ ತಣ್ಣಗಿಲ್ಲದ ನೀರು ಹಾಕಿದರೂ ಒದ್ದೆಯಾಗುತ್ತದೆ, ಲೋಟ ತಣ್ಣಗಿದ್ದರೆ ಮಾತ್ರ. ಎರಡೂ ಒದ್ದೆ, ಕಾರಣ ಬೇರೆ ಬೇರೆ. ಇಷ್ಟಾದ ಮೇಲೆ ಮಗುವಿನ ಎದುರು ಒಂದು ನಿಜವಾದ ಸಮಸ್ಯೆ ನಿಂತಿರುತ್ತದೆ. ಒಳಗಿಂದ ಬರದಿದ್ದರೆ ಮತ್ತೆಲ್ಲಿಂದ? ಆಗ, ಆಗ ಮಾತ್ರ, ಮನೆಪಾಠದವರು ಬಾಯಿಬಿಟ್ಟು ಹೇಳಬೇಕು: ಕಣ್ಣಿಗೆ ಕಾಣದಂತೆ ಗಾಳಿಯಲ್ಲಿ ನೀರಿದೆ, ಹಗ್ಗದ ಮೇಲೆ ಒಣಗಿದ ಬಟ್ಟೆಯ ನೀರು ಹೋದದ್ದೂ ಅಲ್ಲಿಗೇ ಎಂದು. ಇದನ್ನು ಯಾವ ಮಗುವೂ ತಾನಾಗಿ ಕಂಡುಹಿಡಿಯಲಾರದು. ಕಂಡುಹಿಡಿಯಲಿ ಎಂದು ಕಾಯುವುದು ಕ್ರೌರ್ಯ.

ಊರು, ಋತುಗಳ ವಿಷಯವನ್ನೂ ಇಲ್ಲಿ ಸೇರಿಸಬೇಕು. ಮಂಗಳೂರಿನಲ್ಲಿ ಬಹುಪಾಲು ದಿನಗಳಲ್ಲಿ ಈ ಪ್ರಯೋಗ ತಕ್ಷಣ ಫಲಿಸುತ್ತದೆ. ಕಲಬುರಗಿಯ ಏಪ್ರಿಲ್ ತಿಂಗಳ ಒಣಹವೆಯಲ್ಲಿ ಬರಿಯ ತಣ್ಣೀರು ಸಾಲದು, ಮಂಜುಗಡ್ಡೆ ಹಾಕಿದರೂ ಹನಿ ಕಡಿಮೆ. ಮಳೆಗಾಲದವರೆಗೆ ಕಾಯುವುದೇ ಮೇಲು. ಶಾಲೆಗೆ ವೇಳಾಪಟ್ಟಿಯ ಕಟ್ಟುಪಾಡು ಇದೆ, ಮನೆಪಾಠಕ್ಕೆ ಇಲ್ಲ. ಬೆಂಗಳೂರಿನಲ್ಲಿ ನಡುಹಗಲು ಕಂಬದ ನೆರಳೇ ಇಲ್ಲವಾಗುವ ದಿನ ಏಪ್ರಿಲ್ 24ರ ಸುಮಾರಿಗೊಮ್ಮೆ, ಆಗಸ್ಟ್ 18ರ ಸುಮಾರಿಗೊಮ್ಮೆ ಬರುತ್ತದೆ. ಏಪ್ರಿಲ್‌ನದು ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ. ಹುರುಳಿಕಾಳನ್ನು ಕತ್ತಲೆಯಲ್ಲೂ ಬೆಳಕಿನಲ್ಲೂ ಮೊಳೆಯಿಸಿ, ಕತ್ತಲೆಯದೇ ಎತ್ತರ ಬೆಳೆದದ್ದನ್ನು ಕಂಡು, ಹಾಗಾದರೆ ಕತ್ತಲೆಯೇ ಒಳ್ಳೆಯದೇ ಎಂದು ಮಕ್ಕಳನ್ನು ಗೊಂದಲಕ್ಕೆ ಬೀಳಿಸಲು ಒಂದು ವಾರಕ್ಕಿಂತ ಹೆಚ್ಚು ಬೇಕು. ಇಂಥವು ಮನೆಪಾಠಕ್ಕೆ ಹೇಳಿ ಮಾಡಿಸಿದ ಪಾಠಗಳು.

ಇನ್ನು ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು. ಮಕ್ಕಳೇ ಕಂಡುಕೊಳ್ಳಲಿ ಎಂಬ ಮಾತು ಕೇಳಲು ಚೆನ್ನ, ಫಲಿತಾಂಶ ಮಾತ್ರ ಬೇರೆ ಎನ್ನುವವರಿದ್ದಾರೆ. ಅವರ ಕೈಯಲ್ಲಿ ಪುರಾವೆಯೂ ಇದೆ. ಡೇವಿಡ್ ಕ್ಲಾರ್ ಮತ್ತು ಮಿಲೇನಾ ನಿಗಮ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು, ನಾಲ್ಕನೆಯ ತರಗತಿಯ ಮಕ್ಕಳು ಇಳಿಜಾರಿನಲ್ಲಿ ಚೆಂಡು ಉರುಳಿಸುವ ಪ್ರಯೋಗಗಳನ್ನು ತಾವೇ ಹೂಡಬೇಕಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಉಳಿದೆಲ್ಲವನ್ನೂ ಹಾಗೆಯೇ ಇಡಬೇಕು ಎಂಬುದನ್ನು ಅವರು ಕಲಿಯಬೇಕಿತ್ತು. ಬಿಡಿಸಿ ಹೇಳಿಕೊಟ್ಟ ಗುಂಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಕ್ಕಳು ಇದನ್ನು ಕರಗತ ಮಾಡಿಕೊಂಡರು. ತಾವಾಗಿ ಕಂಡುಕೊಳ್ಳಲು ಬಿಟ್ಟ ಗುಂಪಿನಲ್ಲಿ ಕಾಲು ಪಾಲಿನಷ್ಟೂ ಇಲ್ಲ. ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಆದರೆ ಹೇಳಿಕೊಟ್ಟ ಗುಂಪಿನಲ್ಲಿ ಆದದ್ದೇನು ಎಂದು ಹತ್ತಿರದಿಂದ ನೋಡಬೇಕು. ಎರಡೂ ಗುಂಪಿನ ಮಕ್ಕಳು ಮೊದಲು ತಾವೇ ಪ್ರಯೋಗ ಹೂಡಿದ್ದರು. ನಂತರ ಕಲಿಸುವವರು ಒಂದು ಜೋಡಣೆಯನ್ನು ತೋರಿಸಿ, ಇದರಿಂದ ಖಚಿತವಾಗಿ ತಿಳಿಯುತ್ತದೆಯೇ, ಏಕೆ ಎಂದು ಮಗುವನ್ನು ಕೇಳಿ, ಆಮೇಲೆ ವಿವರಿಸಿದರು. ಮೊದಲು ಮಗುವಿನ ಕೈ, ನಂತರ ಮಗುವಿನ ಮಾತು, ಕೊನೆಗೆ ದೊಡ್ಡವರ ವಿವರಣೆ. ಲೋಟದ ಪಾಠದಲ್ಲೂ ಇದೇ ಕ್ರಮವಿದೆ. ನಾನು ಪ್ರಶ್ನಿಸುತ್ತಿರುವುದು ವಿವರಣೆಯನ್ನಲ್ಲ, ಅದು ಬರುವ ಹೊತ್ತನ್ನು. ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ 1976ರಲ್ಲಿ ಮೂರು, ನಾಲ್ಕು, ಐದು ವರ್ಷದ ಮಕ್ಕಳಿಗೆ ಮರದ ತುಂಡುಗಳಿಂದ ಪಿರಮಿಡ್ ಕಟ್ಟಲು ಕಲಿಸಿದ ಪ್ರಯೋಗದಲ್ಲೂ ಇದೇ ಕಂಡಿತ್ತು. ಮೂರು ವರ್ಷದವರಿಗೆ ಮಾಡಿಯೇ ತೋರಿಸಬೇಕಾಯಿತು, ನಾಲ್ಕು ವರ್ಷದವರಿಗೆ ಮಾತಿನ ಸೂಚನೆ ಸಾಕಾಯಿತು, ಐದು ವರ್ಷದವರಿಗೆ ಬೇಕಾದದ್ದು ಹೌದು, ಸರಿ ಎಂಬ ಒಪ್ಪಿಗೆ. ಎಷ್ಟು ನೆರವು ಬೇಕು ಎನ್ನುವುದನ್ನು ಮಗುವೇ ತೋರಿಸಿಕೊಡುತ್ತದೆ. ಅದನ್ನು ನೋಡಲು ಬಿಡುವಿರುವುದು ಮನೆಪಾಠಕ್ಕೆ ಮಾತ್ರ.

ಎರಡನೆಯ ಆಕ್ಷೇಪ ಅಂಕಗಳದ್ದು. ದುಡ್ಡು ಕೊಡುವ ತಂದೆತಾಯಿ ನೋಟುಪುಸ್ತಕ ತುಂಬಿದೆಯೇ ಎಂದು ನೋಡುತ್ತಾರೆ. ಐದನೆಯ ತರಗತಿಗೂ ರಾಜ್ಯಮಟ್ಟದ ಮೌಲ್ಯಾಂಕನ ಬೇಕೇ ಎಂಬ ವ್ಯಾಜ್ಯ ನಮ್ಮಲ್ಲಿ 2024ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ಈ ಆಕ್ಷೇಪಕ್ಕೆ ಉತ್ತರಿಸಲು ಹೆಚ್ಚು ಹೊತ್ತು ಬೇಕಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪ್ರಾಥಮಿಕ ಹಂತದ ವಿಜ್ಞಾನದಲ್ಲಿ ನಿಯತಕಾಲಿಕ ಪರೀಕ್ಷೆ, ಅಂಕ, ಶ್ರೇಣಿ ಯಾವುದೂ ಬೇಡವೆಂದೇ ಹೇಳಿತ್ತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಿಂದ ಆರಂಭವಾಗಿ ಮೂವತ್ತು ವರ್ಷ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯುತ್ತಿದ್ದರು. ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಹೊಳೆದರೆ ಸವಾಲಿರಾಮ್ ಎಂಬ ಕಲ್ಪಿತ ವ್ಯಕ್ತಿಗೆ ಪತ್ರ ಬರೆಯುತ್ತಿದ್ದರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆದರೆ ಸರ್ಕಾರಿ ಶಾಲೆಗಳೊಳಗೇ ಮೂವತ್ತು ವರ್ಷ ಸಾಧ್ಯವಾದದ್ದು, ಪರೀಕ್ಷೆಯ ಹೊಣೆಯಿಲ್ಲದ ಸಂಜೆಯ ಜಗಲಿಯಲ್ಲಿ ಅಸಾಧ್ಯ ಎನ್ನಲು ಕಾರಣ ಕಾಣುವುದಿಲ್ಲ. ಮೇಲಾಗಿ, ಹನಿ ಎಲ್ಲಿಂದ ಬಂತು ಎಂದು ತಿಳಿದ ಮಗು ಸಾಂದ್ರೀಕರಣದ ವಾಕ್ಯವನ್ನು ಒಂದೇ ಸಲ ಬರೆದು ನೆನಪಿಟ್ಟುಕೊಳ್ಳುತ್ತದೆ. ತಂದೆತಾಯಿಯ ಸಮಾಧಾನಕ್ಕೆ ಆ ಒಂದು ಸಲ ಬರೆಸಲು ನನ್ನ ಅಡ್ಡಿಯಿಲ್ಲ.

ಮೂರನೆಯ ಆಕ್ಷೇಪ ನ್ಯಾಯದ ಪ್ರಶ್ನೆ. ಮನೆಪಾಠವೇ ಒಂದು ರೋಗ, ಅದನ್ನು ಸುಧಾರಿಸುವ ಮಾತೇಕೆ ಎಂದು ಶಿಕ್ಷಣದ ಬಗ್ಗೆ ಕಾಳಜಿಯುಳ್ಳವರು ಕೇಳುತ್ತಾರೆ. ಮಕ್ಕಳ ಕಲಿಕೆಯ ಬಗ್ಗೆ ನಡೆಯುವ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಒಂದರಿಂದ ಎಂಟನೆಯ ತರಗತಿಯ ಮಕ್ಕಳಲ್ಲಿ ಹಣ ಕೊಟ್ಟು ಟ್ಯೂಷನ್‌ಗೆ ಹೋಗುವವರು 2018ರಲ್ಲಿ ಶೇ. 26.4 ಇದ್ದದ್ದು 2022ರಲ್ಲಿ ಶೇ. 30.5 ಆಯಿತು. ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನೇ ನಿಷೇಧಿಸಿದೆ, ಅದು ಸರಿಯಾದ ನಿಷೇಧ. ಬೆಳಿಗ್ಗೆ ಅರ್ಧ ಹೇಳಿ ಸಂಜೆ ಉಳಿದರ್ಧವನ್ನು ಮಾರುವ ವ್ಯವಸ್ಥೆಗೆ ಯಾರೂ ಸಮರ್ಥನೆ ಕೊಡಲಾರರು. ಆಕ್ಷೇಪದ ಈ ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೂ ಹತ್ತರಲ್ಲಿ ಮೂರು ಮಕ್ಕಳು ಸಂಜೆ ಎಲ್ಲೋ ಕೂತಿದ್ದಾರೆ ಎಂಬ ಸಂಗತಿ ಉಳಿಯುತ್ತದೆ. ಅವರು ಅಲ್ಲಿ ಏನು ಮಾಡುತ್ತಿದ್ದಾರೆ ಎಂದು ಕೇಳಲೇಬೇಕು; ಉಳಿದ ಏಳು ಮಕ್ಕಳಿಗೆ ಹಣವಿಲ್ಲದೆ ಅದು ಸಿಗುವುದು ಹೇಗೆ ಎಂದೂ ಕೇಳಬೇಕು. ಇದಕ್ಕೆ ಮಾದರಿಗಳನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಕರ್ನಾಟಕದ ಶಿಕ್ಷಕರು ವಿದ್ಯಾಗಮ ಎಂಬ ಕಾರ್ಯಕ್ರಮದ ಹೆಸರಿನಲ್ಲಿ ದೇವಸ್ಥಾನದ ಅಂಗಳ, ಮರದ ಕಟ್ಟೆ, ಮನೆಯ ಜಗಲಿಗಳಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ನಿಂತದ್ದು ಅನಿವಾರ್ಯವಾಗಿತ್ತು. ಸೋಂಕು ಹೋದ ಮೇಲೆ ಸಣ್ಣ ಗುಂಪಿನ ಆ ಅನುಭವವನ್ನೂ ಮರೆತದ್ದು ಅನಿವಾರ್ಯವಾಗಿರಲಿಲ್ಲ. ತಮಿಳುನಾಡು 2021ರಲ್ಲಿ ಮನೆಬಾಗಿಲಿಗೆ ಶಿಕ್ಷಣ ಎಂಬ ಅರ್ಥದ ಹೆಸರಿಟ್ಟು, ಊರಿನ ಸ್ವಯಂಸೇವಕರಿಂದ ಸಂಜೆಯ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿತು. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ; ಅವಕ್ಕೆ ಕಟ್ಟಡವಿದೆ, ಸಂಜೆ ಬರುವ ಮಕ್ಕಳಿದ್ದಾರೆ.

ಅಲ್ಲಿ ಕಲಿಸುವವರು ಯಾರು, ಅವರಿಗೆ ವಿಜ್ಞಾನ ಗೊತ್ತಿದೆಯೇ ಎನ್ನುವುದು ಕೊನೆಯ ಆಕ್ಷೇಪ. ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ಸಂಸ್ಥೆಯ ಬಾಲಸಖಿ ಕಾರ್ಯಕ್ರಮದಲ್ಲಿ ಊರಿನ ಯುವತಿಯರಿಗೆ ಸುಮಾರು ಎರಡು ವಾರದ ತರಬೇತಿ ಕೊಟ್ಟು, ಮೂರು, ನಾಲ್ಕನೆಯ ತರಗತಿಯಲ್ಲಿ ಹಿಂದುಳಿದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಕಲಿಸಲು ಹಚ್ಚಿದ್ದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಸ್ಪಷ್ಟವಾದ ಪ್ರಗತಿಯನ್ನು ತೋರಿಸಿತು. ಅದು ಓದು ಮತ್ತು ಲೆಕ್ಕದ ಫಲಿತಾಂಶ. ವಿಜ್ಞಾನಕ್ಕೆ ಹಾಗೆಯೇ ಎತ್ತಿ ಹಚ್ಚಲಾಗದು. ತಪ್ಪು ತಿಳಿದವರು ವಿಜ್ಞಾನವನ್ನು ತಪ್ಪಾಗಿಯೇ ಕಲಿಸುತ್ತಾರೆ. ಬೇಸಿಗೆಯಲ್ಲಿ ಸೂರ್ಯ ಭೂಮಿಗೆ ಹತ್ತಿರ ಬರುತ್ತಾನೆ ಎನ್ನುವ ಪದವೀಧರರಿಗೇನೂ ಕೊರತೆಯಿಲ್ಲ. ಆದರೆ ಐದನೆಯ ತರಗತಿಯವರೆಗಿನ ಪರಿಸರ ಅಧ್ಯಯನ ಪುಸ್ತಕಗಳಲ್ಲಿ ಬರುವ ನಿಜವಾಗಿ ಕಠಿಣವಾದ ಕಲ್ಪನೆಗಳು ಹೆಚ್ಚಿಲ್ಲ: ನೀರು ಮತ್ತು ಆವಿ, ತೇಲುವುದು ಮುಳುಗುವುದು, ನೆರಳು, ಬೀಜ, ಗಿಡದ ಆಹಾರ, ಭೂಮಿಯ ಆಕಾರ, ಇನ್ನು ಕೆಲವು. ಪ್ರತಿಯೊಂದಕ್ಕೂ ಮಕ್ಕಳು ಸಾಮಾನ್ಯವಾಗಿ ಏನೆಂದುಕೊಂಡಿರುತ್ತಾರೆ, ಅದನ್ನು ಹೊರತರಿಸುವ ಪ್ರಶ್ನೆ ಯಾವುದು, ಅದನ್ನು ಒರೆಗೆ ಹಚ್ಚುವ ಪ್ರಯೋಗ ಯಾವುದು, ಎಲ್ಲಿ ಬಾಯಿಬಿಟ್ಟು ಹೇಳಬೇಕು ಎಂಬುದನ್ನು ನಾಲ್ಕು ಪುಟದಲ್ಲಿ ಬರೆದುಕೊಟ್ಟರೆ ಪಿಯುಸಿ ಓದಿದ ಯುವತಿಯೊಬ್ಬಳು ಕಲಿಸಬಲ್ಲಳು.

ಅಂಥ ಕೈಪಿಡಿಯನ್ನು ಬರೆಯಬೇಕಾದವರು ನೀವು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ (ಡಯಟ್), ಶಿಕ್ಷಣ ಕಾಲೇಜುಗಳಲ್ಲಿ ಇರುವವರು. ಕನ್ನಡದಲ್ಲಿ ಮಕ್ಕಳಿಗಾಗಿ ವಿಜ್ಞಾನ ಬರೆಯುವ ಪರಂಪರೆ ಸಣ್ಣದಲ್ಲ. ಶಿವರಾಮ ಕಾರಂತರ 'ಬಾಲಪ್ರಪಂಚ' ಸ್ವಾತಂತ್ರ್ಯಕ್ಕೆ ಮೊದಲೇ ಬಂತು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ದಶಕಗಳಿಂದ ಬರುತ್ತಿದೆ. ಇವು ಮಗುವಿಗೆ ಜಗತ್ತನ್ನು ವಿವರಿಸುವ ಪುಸ್ತಕಗಳು. ಮಗು ಜಗತ್ತನ್ನು ಹೇಗೆ ವಿವರಿಸುತ್ತದೆ ಎಂದು ದೊಡ್ಡವರಿಗೆ ತಿಳಿಸುವ ಪುಸ್ತಕ ಬೇರೆಯೇ ಆಗಬೇಕು. ನ್ಯೂಜಿಲೆಂಡಿನ ಅಧ್ಯಯನದಲ್ಲಿ ಸಿಕ್ಕ ಉತ್ತರಗಳ ಪಟ್ಟಿಯನ್ನು ಕನ್ನಡಕ್ಕೆ ತಂದುಕೊಂಡರೆ ಸಾಲದು, ಅದರಲ್ಲಿ ನಮ್ಮ ಮಡಕೆ ಇಲ್ಲ, ಕತೆಗಳಲ್ಲಿ ಬರುವ ಆದಿಶೇಷನೂ ಇಲ್ಲ. ಪ್ರತಿ ತರಬೇತಿ ವಿದ್ಯಾರ್ಥಿಯೂ ಒಂದು ವರ್ಷದಲ್ಲಿ ನಾಲ್ಕು ಮಕ್ಕಳನ್ನು, ಒಂದೇ ವಿಷಯದ ಬಗ್ಗೆ, ಅವರ ಮನೆಮಾತಿನಲ್ಲೇ ಮಾತನಾಡಿಸಿ, ಅವರಂದದ್ದನ್ನು ತಿದ್ದದೆ ಬರೆದುಕೊಂಡು ಬರಲಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವೂ ಹನಿಯ ಬಗ್ಗೆ ಯೋಚಿಸುವುದು ತುಳುವಿನಲ್ಲೋ ಉರ್ದುವಿನಲ್ಲೋ ಕನ್ನಡದಲ್ಲೋ ಇರಬಹುದು. ಕರಾವಳಿಯಿಂದ, ಮಲೆನಾಡಿನಿಂದ, ಬಯಲುಸೀಮೆಯಿಂದ, ಕಲ್ಯಾಣ ಕರ್ನಾಟಕದಿಂದ ಬಂದ ಬರಹಗಳನ್ನು ಒಂದೆಡೆ ಸೇರಿಸಿದರೆ, ಎರಡು ಮೂರು ವರ್ಷಗಳಲ್ಲಿ ಅರಿವು ಕೇಂದ್ರಗಳ ಮೇಜಿನ ಮೇಲಿಡಬಹುದಾದ ಕೈಪಿಡಿಯ ಮೊದಲ ಕರಡು ಸಿದ್ಧವಾಗುತ್ತದೆ. ಬೇಕಿದ್ದರೆ ಹನಿ ಕಟ್ಟುವ ಲೋಟದಿಂದಲೇ ಶುರು ಮಾಡಬಹುದು, ಮಳೆಗಾಲ ಬಂದೊಡನೆ.